ಉರಿಯೂತವೋ, ಬರೀ ಊತವೋ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದೇ ವಾರದೊಳಗೆ ಎರಡು ಕಾಲು ಬಾತವು. ಒಂದು 9 ವರ್ಷದ ಕಾಲು, ಇನ್ನೊಂದು 79 ವರ್ಷದ್ದು.

ಮೊದಲನೆಯದು ನನ್ನ ಮೊಮ್ಮಗನದು. ಹುಬ್ಬಳ್ಳಿಯಿಂದ ಹೊಸರಿತ್ತಿಗೆ ಬಂದ ಮೂರನೇ ದಿನವೇ ಬರಿಗಾಲಲ್ಲಿ ವರದಾ ಹೊಳೆಯ ದಂಡೆಗೆ ಓಡಿ, ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು ಕುಂಟುತ್ತ ಬಂದ. ಎಳೆದರೆ ಮುಳ್ಳು ಬಂತು, ತುದಿ ಮಾತ್ರ ಒಳಗೇ ಮುರಿದು ಉಳಿಯಿತು. ಮರುದಿನ ಹೊತ್ತೇರುವಷ್ಟರಲ್ಲಿ ಹಿಮ್ಮಡಿ ಕೆಂಪಗೆ ಬಾತು, ಮುಟ್ಟಿದರೆ ಬಿಸಿ, ನೆಲಕ್ಕೆ ಊರಿದರೆ ಚೀರಾಟ.

ಎರಡನೆಯದು ನಮ್ಮ ಅಕ್ಕನದು. ರಾಣೇಬೆನ್ನೂರಿನ ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಆದ ಮೇಲೆ ಆರೈಕೆಗೆಂದು ನಮ್ಮಲ್ಲಿಗೆ ಕರೆತಂದಿದ್ದೆವು. ಹಾಸಿಗೆಯಲ್ಲೇ ಇದ್ದಳು. ಹನ್ನೆರಡನೆಯ ದಿನ ಎಡಗಾಲಿನ ಮೀನಖಂಡ ಬಿಗಿದುಕೊಂಡು ದಪ್ಪಗಾಯಿತು. ಸುದ್ದಿ ಕೇಳಿ ನೆರೆಮನೆಯ ಹೆಣ್ಣುಮಗಳು ಪಾಪ, ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಸಿಕೊಂಡು ಬಂದೇಬಿಟ್ಟಳು, ತಿಕ್ಕಿಕೊಡುತ್ತೇನೆಂದು. ಅಷ್ಟರಲ್ಲಿ ನಾನು ಮಗಳಿಗೆ ಫೋನ್ ಹಚ್ಚಿದ್ದೆ. ಅವಳು ನರ್ಸ್.

“ಅಪ್ಪಾ, ಒಂದ ಕಾಲು ಬಾತೈತೋ, ಎರಡೂ ಬಾತಾವೋ?”

“ಎಡಗಾಲು ಒಂದ ನೋಡವ್ವಾ.”

“ಹಂಗಾರ ತಿಕ್ಕಬ್ಯಾಡ್ರಿ, ಶಾಖಾನೂ ಕೊಡಬ್ಯಾಡ್ರಿ. ಈಗಿಂದೀಗ ಗಾಡಿ ಮಾಡ್ಕೊಂಡು ದವಾಖಾನಿಗೆ ಹೋಗ್ರಿ.”

ಹೋದೆವು. ಕಾಲಿಗೆ ಡಾಪ್ಲರ್ ಸ್ಕ್ಯಾನ್ ಮಾಡಿದರು. ಮೊಣಕಾಲಿನ ಹಿಂದಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಂದೇ ಇಂಜೆಕ್ಷನ್ ಶುರುವಾಯಿತು, ಆಮೇಲೆ ಮೂರು ತಿಂಗಳು ಮಾತ್ರೆ. ಅಕ್ಕ ಈಗ ವಾಕರ್ ಹಿಡಿದು ಅಂಗಳದವರೆಗೆ ಬಂದು ಎಲ್ಲರನ್ನೂ ಗದರಿಸುವಷ್ಟು ಗಟ್ಟಿಯಾಗಿದ್ದಾಳೆ.

ಆ ದಿನ ಗಾಡಿ ಹೊರಡುವ ಮೊದಲು ಮೊಮ್ಮಗ ಕುಂಟುತ್ತ ಬಂದು ಕೇಳಿದ: “ಅಜ್ಜಾ, ಆಯಿ ಕಾಲಾಗೂ ಮುಳ್ಳು ಮುರದೈತೇನು?”

ಒಳ್ಳೆಯ ಪ್ರಶ್ನೆ. ಹೊರಗಿನಿಂದ ನೋಡಿದರೆ ಎರಡೂ ಬಾವೇ. ಒಂದಕ್ಕೆ ಸೂಜಿ, ಬಿಸಿನೀರು, ಟಿಟಿ ಇಂಜೆಕ್ಷನ್ ಸಾಕಾಯಿತು. ಇನ್ನೊಂದಕ್ಕೆ ಅದೇ ದಿನ ದವಾಖಾನೆ ಬೇಕಾಯಿತು. ಯಾಕೆ? ನಾನು ಡಾಕ್ಟರನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು. ಆದರೆ ಮಗಳು ನರ್ಸಿಂಗ್ ಓದುವಾಗಿನ ಪೆಥಾಲಜಿ ಪುಸ್ತಕ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಇಳಿಸಿ, ತಿಂಗಳುಗಟ್ಟಲೆ ಓದಿದೆ, ಅರ್ಥವಾಗದ್ದನ್ನು ಮಗಳಿಗೆ ಕೇಳಿದೆ. ಮೊಮ್ಮಗನಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

ಮುಳ್ಳಿನ ಕಾಲು

ಇಂಗ್ಲಿಷಿನ ‘ಇನ್‌ಫ್ಲಮೇಶನ್’ ಎಂಬ ಶಬ್ದದೊಳಗೆ ಬೆಂಕಿ ಇದೆ. ಬೆಂಕಿ ಹಚ್ಚು ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ನಮ್ಮ ಕನ್ನಡದ ಶಬ್ದ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ: ಉರಿ, ಊತ ಎರಡೂ ಸೇರಿ ಉರಿಯೂತ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಲೇಖಕ ಇದರ ನಾಲ್ಕು ಗುರುತು ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. ಆ ಅಂಗ ತನ್ನ ಕೆಲಸ ಮಾಡದಂತಾಗುವುದು ಐದನೆಯ ಗುರುತೆಂದು ಆಮೇಲೆ ಸೇರಿತು. ಮೊಮ್ಮಗನ ಹಿಮ್ಮಡಿಯಲ್ಲಿ ಐದೂ ಇದ್ದವು. ಅವನಿಂದಲೇ ಬೆರಳು ಮಡಚಿಸಿ ಎಣಿಸಿದೆ.

ಒಳಗೆ ನಡೆಯುವುದು ಹೀಗೆ. ಮುಳ್ಳು ಚುಚ್ಚಿದ ಜಾಗದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರು ಇರುತ್ತಾರೆ. ಅವರು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತಾರೆ. ಕೂಡಲೇ ಸುತ್ತಲಿನ ಕಿರು ರಕ್ತನಾಳಗಳು ಹಿಗ್ಗುತ್ತವೆ. ಹೆಚ್ಚು ರಕ್ತ ನುಗ್ಗುತ್ತದೆ, ಅದಕ್ಕೇ ಕೆಂಪು, ಅದಕ್ಕೇ ಬಿಸಿ. ಹಿಗ್ಗಿದ ನಾಳಗಳ ಗೋಡೆಯ ಕೋಶಗಳ ನಡುವೆ ಸಂದು ಬಿದ್ದು, ರಕ್ತದ ನೀರಿನಂಶವೂ ಪ್ರೋಟೀನೂ ಹೊರಗೆ ಜಿನುಗುತ್ತವೆ. ಅದು ಊತ. ಉಬ್ಬಿದ ಮಾಂಸ ನರದ ತುದಿಗಳನ್ನು ಒತ್ತುತ್ತದೆ, ಜೊತೆಗೆ ಬೇರೆ ಕೆಲವು ರಾಸಾಯನಿಕಗಳು ಆ ನರಗಳನ್ನು ಚುರುಕುಗೊಳಿಸುತ್ತವೆ. ಅದು ನೋವು. ನೋವಾದರೆ ಹುಡುಗ ಕಾಲೂರುವುದಿಲ್ಲ. ಊರದಿದ್ದರೆ ಗಾಯಕ್ಕೆ ವಿಶ್ರಾಂತಿ.

ಇಷ್ಟೆಲ್ಲ ಏರ್ಪಾಡು ಯಾರಿಗಾಗಿ? ಬಿಳಿ ರಕ್ತಕಣಗಳಿಗಾಗಿ. ಅವು ನಾಳದ ಗೋಡೆಯ ಗುಂಟ ಉರುಳುತ್ತ ಬಂದು, ಅಂಟಿ ನಿಂತು, ಸಂದಿನಲ್ಲಿ ಮೈ ತೆಳ್ಳಗೆ ಮಾಡಿಕೊಂಡು ಹೊರಗೆ ನುಸುಳುತ್ತವೆ. ಮೊದಲು ಬರುವವು ನ್ಯೂಟ್ರೊಫಿಲ್‌ಗಳು. ಕೆಲವೇ ಗಂಟೆಗಳಲ್ಲಿ ಹಾಜರ್. ಮುಳ್ಳಿನ ಜೊತೆ ಒಳಹೊಕ್ಕ ರೋಗಾಣುಗಳನ್ನು ನುಂಗುತ್ತವೆ, ತಾವೂ ಸಾಯುತ್ತವೆ. ಒಂದೆರಡು ದಿನಗಳ ಮೇಲೆ ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳು ಬಂದು ಸತ್ತವರನ್ನೆಲ್ಲ ಬಳಿದು ಜಾಗ ಚೊಕ್ಕ ಮಾಡುತ್ತವೆ. ನಾವು ಮೂಗು ಮುಚ್ಚಿಕೊಂಡು ‘ಕೀವು’ ಎನ್ನುವುದು ಬಹುಮಟ್ಟಿಗೆ ಈ ಸತ್ತ ಬಿಳಿಕಣಗಳ ರಾಶಿಯೇ.

ಇದನ್ನು ಮೊದಲು ಅರ್ಥ ಮಾಡಿಕೊಂಡವನ ಕಥೆಯಲ್ಲೂ ಒಂದು ಮುಳ್ಳಿದೆ. 1882ರಲ್ಲಿ ರಷ್ಯಾ ದೇಶದ ಪ್ರಾಣಿಶಾಸ್ತ್ರಜ್ಞ ಮೆಕ್ನಿಕಾಫ್ ಇಟಲಿಯ ಮೆಸಿನಾ ಎಂಬ ಸಮುದ್ರದ ಊರಿನಲ್ಲಿದ್ದ. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ಮಂಗಗಳನ್ನು ನೋಡಲು ಹೋಗಿದ್ದರು. ಈತ ಒಬ್ಬನೇ ಸೂಕ್ಷ್ಮದರ್ಶಕದ ಮುಂದೆ. ನಕ್ಷತ್ರಮೀನಿನ ಮರಿಯ ಮೈ ಗಾಜಿನಂತೆ ಪಾರದರ್ಶಕ, ಒಳಗೆ ಅಲೆದಾಡುವ ಕೋಶಗಳು ಕಾಣುತ್ತವೆ. ಇದರ ಮೈಗೆ ಮುಳ್ಳು ಚುಚ್ಚಿದರೆ ಈ ಕೋಶಗಳು ಏನು ಮಾಡಬಹುದು ಎಂದು ಯೋಚನೆ ಹೊಳೆಯಿತು. ತೋಟಕ್ಕೆ ಹೋಗಿ ಗುಲಾಬಿ ಮುಳ್ಳು ಕಿತ್ತು ತಂದು ಚುಚ್ಚಿದ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ಆ ಕೆಲಸ ಬೆಳೆದು 1908ರಲ್ಲಿ ಅವನಿಗೆ ನೊಬೆಲ್ ಬಹುಮಾನ ತಂದಿತು. ಮಕ್ಕಳೇ, ನಮ್ಮ ಹೊಳೆದಂಡೆಯ ಜಾಲಿಮುಳ್ಳು ಹಿಮ್ಮಡಿಯಲ್ಲಿ ಮಾಡಿದ್ದೂ ಅದನ್ನೇ. ಸೂಕ್ಷ್ಮದರ್ಶಕ ಮಾತ್ರ ಇರಲಿಲ್ಲ.

ನಮ್ಮ ಸುಶ್ರುತ ಸಂಹಿತೆ ಬಾವಿಗೆ ಮೂರು ಹಂತ ಹೇಳುತ್ತದೆ: ಆಮ, ಪಚ್ಯಮಾನ, ಪಕ್ವ. ಕಾಯಿ, ಹಣ್ಣಾಗುತ್ತಿರುವುದು, ಹಣ್ಣು. ಹಳ್ಳಿಯ ಮುದುಕಿಯರು “ಕುರು ಇನ್ನೂ ಹಣ್ಣಾಗಿಲ್ಲ, ಹಿಚುಕಬ್ಯಾಡ” ಎನ್ನುವುದೂ ಅದೇ ಲೆಕ್ಕ. ಹಿಚುಕಬಾರದೆಂಬುದು ಸರಿಯೇ. ಕಾಯಿಯಿದ್ದಾಗ ಹಿಚುಕಿದರೆ ರೋಗಾಣು ಅಕ್ಕಪಕ್ಕಕ್ಕೆ ಹರಡುತ್ತದೆ. ಹಣ್ಣಾದ ಮೇಲೂ ಅದು ನಮ್ಮ ಉಗುರಿನ ಕೆಲಸವಲ್ಲ. ಮುಳ್ಳಿನ ಗಾಯಕ್ಕೆ ಸಗಣಿ, ಬೂದಿ ಮೆತ್ತುವ ಕಾಲ ಹೋಗಿದೆ ಎಂದುಕೊಂಡಿದ್ದೇನೆ. ಇನ್ನೂ ಎಲ್ಲಾದರೂ ಇದ್ದರೆ ನಿಲ್ಲಿಸಿ, ಧನುರ್ವಾಯುವಿನ ಬೀಜ ಸಗಣಿ ಮಣ್ಣಿನಲ್ಲೇ ಇರುತ್ತದೆ. ಕೆಂಪು ಗೆರೆಯೊಂದು ಗಾಯದಿಂದ ಮೇಲಕ್ಕೆ ಹತ್ತತೊಡಗಿದರೆ, ಚಳಿಜ್ವರ ಬಂದರೆ, ಮನೆಯಲ್ಲಿ ಕೂಡುವ ಹಾಗಿಲ್ಲ.

ರೋಗಾಣುವೇ ಇಲ್ಲದ ಉರಿಯೂ ಉಂಟು. ಅದನ್ನು ನೋಡಲು ಬ್ಯಾಡಗಿಗೆ ಹೋಗಬೇಕು. ಮೆಣಸಿನಕಾಯಿ ಸುಗ್ಗಿಯಲ್ಲಿ ದಿನವಿಡೀ ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ಕೇಳಿ, ಸಂಜೆ ಕೈ ಹೇಗಿರುತ್ತದೆಂದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ಉರಿ ತಪ್ಪಿದ್ದಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಿಜವಾಗಿ ಸುಡುವುದಿಲ್ಲ. ಬಿಸಿಯನ್ನು ಗುರುತಿಸುವ ನರದ ಬಾಗಿಲನ್ನೇ ತಟ್ಟುತ್ತದೆ. ನರ ‘ಬೆಂಕಿ, ಬೆಂಕಿ’ ಎಂದು ಕೂಗುತ್ತದೆ, ಅದರ ತುದಿಯಿಂದಲೇ ರಾಸಾಯನಿಕ ಸುರಿದು ಸುತ್ತಲಿನ ನಾಳಗಳು ಹಿಗ್ಗುತ್ತವೆ, ಚರ್ಮ ಕೆಂಪಾಗುತ್ತದೆ. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಅಮೆರಿಕದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ಕೈಗೆ ಮೊದಲು ಎಣ್ಣೆ ಸವರಿ, ಆಮೇಲೆ ಸಾಬೂನು ಹಚ್ಚಬೇಕು. ನೊಬೆಲ್ ಬರುವುದಕ್ಕೂ ಮೊದಲೇ ನಮ್ಮ ಹೆಣ್ಣುಮಕ್ಕಳಿಗೆ ಇದು ಗೊತ್ತಿತ್ತು, ಬಿಡಿ.

ಅಜ್ಜ ಅಜ್ಜಿಯರಿಗೆ ಇಲ್ಲೊಂದು ಬೇರೆ ಮಾತು. ಸಕ್ಕರೆ ಕಾಯಿಲೆ ಹಳೆಯದಾದವರ ಪಾದದ ನರಗಳು ಮಂದವಾಗಿರುತ್ತವೆ. ಅವರಿಗೆ ಮುಳ್ಳು ಚುಚ್ಚಿದರೆ ಐದು ಗುರುತಿನಲ್ಲಿ ನೋವೆಂಬುದೇ ಇರದೆ ಹೋಗಬಹುದು. ನೋವಿಲ್ಲವೆಂದು ನಡೆಯುತ್ತಲೇ ಇರುತ್ತಾರೆ, ಹುಣ್ಣು ಎಲುಬಿನವರೆಗೆ ಇಳಿದಿರುತ್ತದೆ. ಮಕ್ಕಳೇ, ಮಲಗುವ ಮೊದಲು ಅಜ್ಜನ ಅಂಗಾಲು ನೋಡುವ ಕೆಲಸ ನೀವು ವಹಿಸಿಕೊಳ್ಳಿ. ಅಜ್ಜನಿಗೆ ಬಗ್ಗಲು ಆಗುವುದಿಲ್ಲ, ನಿಮಗಾಗುತ್ತದೆ.

ಎರಡೂ ಕಾಲು ಬಾತಾಗ

ಇನ್ನು ಉರಿಯಿಲ್ಲದ ಊತ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಲೆಕ್ಕ ಎಂದರೆ ನನಗೂ ಹುರುಪು.

ಹೃದಯ ಒಂದು ಸಲ ಬಡಿದರೆ ಸುಮಾರು 70 ಮಿಲಿಲೀಟರ್ ರಕ್ತ ಹೊರಡುತ್ತದೆ. ನಿಮಿಷಕ್ಕೆ 70 ಬಡಿತವೆಂದರೆ 5 ಲೀಟರಿಗೆ ಹತ್ತಿರ. ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್. ಅಂದರೆ ಇದ್ದಷ್ಟೂ ರಕ್ತ ನಿಮಿಷಕ್ಕೊಂದು ಸುತ್ತು. ದಿನಕ್ಕೆ 7,000 ಲೀಟರ್, 15 ಲೀಟರಿನ ಕೊಡದಲ್ಲಿ ಅಳೆದರೆ 460ಕ್ಕೂ ಹೆಚ್ಚು ಕೊಡ. ಇದು ಹೋಗುವ ಲೆಕ್ಕ. ಬರುವ ಲೆಕ್ಕವೂ ಇಷ್ಟೇ ಇರಬೇಕು. ಬ್ಯಾಂಕಿನಲ್ಲಿ ಸಂಜೆ ಜಮಾ ಖರ್ಚು ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹೃದಯಕ್ಕೆ ಆ ತಾಳೆ ಪ್ರತಿ ನಿಮಿಷ.

ಆದರೆ ದಾರಿಯಲ್ಲಿ ಸೋರಿಕೆ ಇದೆ, ಅದೂ ಬೇಕೆಂದೇ ಇರುವ ಸೋರಿಕೆ. ಕೂದಲಿಗಿಂತ ಸಣ್ಣ ನಾಳಗಳಿಂದ ದಿನಕ್ಕೆ ಸುಮಾರು 20 ಲೀಟರ್ ನೀರು ಹೊರಗೆ ಜಿನುಗಿ ಕೋಶಗಳಿಗೆ ಅನ್ನ ತಲುಪಿಸುತ್ತದೆ. ಅದರಲ್ಲಿ ಸುಮಾರು 17 ಲೀಟರ್ ಅಲ್ಲೇ ನಾಳದೊಳಕ್ಕೆ ಮರಳುತ್ತದೆ. ಉಳಿದ 3 ಲೀಟರ್? ಅದಕ್ಕೆ ದುಗ್ಧನಾಳಗಳೆಂಬ ಬೇರೆಯೇ ಕಾಲುವೆ ಇದೆ. ಎಲ್ಲ ಬಳಿದುಕೊಂಡು ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಸೇರಿಸುತ್ತದೆ. ನಮ್ಮಲ್ಲಿ ತಾಳೆಯಾಗದ ರೊಕ್ಕವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಆಮೇಲೆ ಸರಿಹೊಂದಿಸುತ್ತಿದ್ದ ಹಾಗೆ.

ಈ ಮೂರರಲ್ಲಿ ಯಾವುದು ಕೆಟ್ಟರೂ ನೀರು ನಿಲ್ಲುತ್ತದೆ. ಕಲಬುರಗಿ, ಬೀದರ ಕಡೆ ಕಾಣುವ ಆನೆಕಾಲು ರೋಗದಲ್ಲಿ ಸೊಳ್ಳೆ ಕಚ್ಚಿ ಒಳಹೊಕ್ಕ ಹುಳ ದುಗ್ಧನಾಳವನ್ನೇ ಕೆಡಿಸುತ್ತದೆ. ಮೂತ್ರಪಿಂಡ ಸೋರಿ ಪ್ರೋಟೀನ್ ಹೋದರೆ, ಯಕೃತ್ತು ಪ್ರೋಟೀನ್ ತಯಾರಿಸದಿದ್ದರೆ, ರಕ್ತಕ್ಕೆ ನೀರನ್ನು ಹಿಡಿದಿಡುವ ಶಕ್ತಿ ಕಡಿಮೆಯಾಗಿ ಮುಖ, ಹೊಟ್ಟೆ, ಕಾಲು ಬಾಯುತ್ತವೆ.

ಹೃದಯ ಸೋತರೆ ಏನಾಗುತ್ತದೆಂದು ತಿಳಿಯಲು ನಮ್ಮ ವರದೆಯನ್ನು ನೆನೆಯಿರಿ. ವರದಾ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುತ್ತಾಳೆ. ಎರಡು ಹೊಳೆ ಕೂಡುವಲ್ಲಿ ದೊಡ್ಡದು ತುಂಬಿ ನಿಂತರೆ ಸಣ್ಣದರ ನೀರಿಗೆ ಮುಂದೆ ಹೋಗಲು ದಾರಿಯಿಲ್ಲ. ಹಿಂದೆ ಹಿಂದೆ ನಿಂತು ತಗ್ಗಿನ ಹೊಲಗಳಿಗೆ ನುಗ್ಗುತ್ತದೆ. ಹೃದಯದ ಬಲಭಾಗ ಬಂದ ರಕ್ತವನ್ನು ಮುಂದಕ್ಕೆ ತಳ್ಳಲಾರದಾದಾಗ ಹೀಗೆಯೇ ರಕ್ತ ಹಿಂದಕ್ಕೆ ನಿಲ್ಲುತ್ತದೆ. ತಗ್ಗಿನ ಹೊಲ ಎಂದರೆ ನಮ್ಮ ಪಾದ. ಎರಡೂ ಪಾದ ಒಟ್ಟಿಗೆ ಬಾಯುತ್ತವೆ, ಸಂಜೆಗೆ ಹೆಚ್ಚು. ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳಿಂದ ಹತ್ತು ಎಣಿಸುವವರೆಗೆ ಒತ್ತಿ ಬಿಟ್ಟರೆ ಕುಣಿ ಬಿದ್ದು ಹಾಗೇ ನಿಲ್ಲುತ್ತದೆ. ಎಡಭಾಗ ಸೋತರೆ ನೀರು ನಿಲ್ಲುವುದು ಶ್ವಾಸಕೋಶದಲ್ಲಿ. ಆಗ ಮಲಗಿದರೆ ಉಸಿರು ಕಟ್ಟುತ್ತದೆ. ಮೊದಲು ಒಂದು ದಿಂಬಿನಲ್ಲಿ ಮಲಗುತ್ತಿದ್ದ ಅಜ್ಜಿ ಈಗ ಮೂರು ದಿಂಬು ಕೇಳುತ್ತಿದ್ದರೆ, ಅದು ದಿಂಬಿನ ಮಾತಲ್ಲ, ಡಾಕ್ಟರಿಗೆ ಹೇಳಬೇಕಾದ ಮಾತು.

ಹೆದರಿಸುತ್ತಿಲ್ಲ. ಬಸ್ಸಿನಲ್ಲಿ ಬೆಂಗಳೂರಿನಿಂದ ಕೂತೇ ಬಂದರೂ ಪಾದ ಬಾಯುತ್ತದೆ, ಬೆಳಗಾದರೆ ಇಳಿಯುತ್ತದೆ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕೆಲವರಿಗೆ ಕಾಲು ಬಾಯುವುದುಂಟು. ಅಂಥವರು ಮಾತ್ರೆಯನ್ನು ತಾವೇ ಬಿಟ್ಟುಬಿಡುತ್ತಾರೆ, ಅದು ಬೇಡ. ಕೊಟ್ಟವರನ್ನು ಕೇಳಿದರೆ ಬದಲಿಸಿ ಕೊಡುತ್ತಾರೆ.

ಕಾಲಿನ ರಕ್ತ ಭೂಮಿಯ ಸೆಳೆತದ ವಿರುದ್ಧ ಮೇಲೆ ಹತ್ತುವುದಾದರೂ ಹೇಗೆ? ಎರಡು ಉಪಾಯಗಳಿವೆ. ಒಂದು, ಅಭಿಧಮನಿಗಳೊಳಗಿನ ಕವಾಟಗಳು. ಮೇಲೆ ಹೋದ ರಕ್ತ ಕೆಳಗೆ ಬರದಂತೆ ಮುಚ್ಚಿಕೊಳ್ಳುವ ಪುಟ್ಟ ಬಾಗಿಲುಗಳು. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರ ತನ್ನ ಪುಸ್ತಕದಲ್ಲಿ ಇದನ್ನು ತೋಳಿನ ಚಿತ್ರ ಹಾಕಿ ತೋರಿಸಿದ. ಮಕ್ಕಳೇ, ನೀವೂ ನೋಡಬಹುದು, ಅಜ್ಜನ ಮುಂಗೈ ಇದಕ್ಕೆ ಬಹಳ ಚೆನ್ನ. ಅಜ್ಜ ಕೈಯನ್ನು ಸ್ವಲ್ಪ ಹೊತ್ತು ಜೋತುಬಿಡಲಿ. ಮೇಲೆ ನೀಲಿ ನಾಳಗಳು ಉಬ್ಬುತ್ತವೆ. ಬೆರಳುಗಳ ಕಡೆ ಒಂದು ನಾಳವನ್ನು ಒಂದು ಬೆರಳಿನಿಂದ ಅದುಮಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅದೇ ನಾಳವನ್ನು ಮಣಿಕಟ್ಟಿನ ಕಡೆಗೆ ಮೆಲ್ಲಗೆ ಸವರಿ ಎರಡನೇ ಬೆರಳು ತೆಗೆಯಿರಿ. ನಡುವೆ ಕವಾಟವಿದ್ದರೆ ಅಲ್ಲಿಂದ ಕೆಳಗೆ ನಾಳ ಚಪ್ಪಟೆಯಾಗಿಯೇ ಉಳಿಯುತ್ತದೆ. ಈಗ ಮೊದಲ ಬೆರಳು ಎತ್ತಿ, ಫಕ್ಕನೆ ತುಂಬುತ್ತದೆ. ಒಂದು ನಾಳದಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ಮಾಡಿ.

ಎರಡನೇ ಉಪಾಯ ಮೀನಖಂಡ. ನಡೆಯುವಾಗ ಅದರ ಸ್ನಾಯು ಪ್ರತಿ ಹೆಜ್ಜೆಗೂ ಒಳರಕ್ತನಾಳವನ್ನು ಹಿಂಡಿ ರಕ್ತವನ್ನು ಮೇಲೆ ಎತ್ತುತ್ತದೆ. ಕಾಲಿನ ಹೃದಯ ಎನ್ನಬಹುದು. ನಮ್ಮ ಅಕ್ಕನ ಹೃದಯ ಸರಿಯಿತ್ತು. ನಿಂತದ್ದು ಈ ಎರಡನೆಯ ಹೃದಯ.

ಹೆಪ್ಪು

ಹೆಪ್ಪುಗಟ್ಟುವುದು ಕೆಟ್ಟದ್ದೇನಲ್ಲ. ಈಳಿಗೆ ತಾಗಿ ಬೆರಳು ಕೊಯ್ದರೆ ಕೆಲವೇ ನಿಮಿಷಗಳಲ್ಲಿ ರಕ್ತ ನಿಲ್ಲುವುದು ಅದರಿಂದಲೇ. ಮೊದಲು ಕಿರುಬಿಲ್ಲೆಗಳೆಂಬ ಕಣಗಳು ಬಿರುಕಿಗೆ ಅಂಟುತ್ತವೆ, ಮೇಲೆ ಫೈಬ್ರಿನ್ ಎಂಬ ನಾರು ಬಲೆ ಹೆಣೆಯುತ್ತದೆ. ದೊಡ್ಡ ಗಾಯಕ್ಕೆ ಅದು ಸಾಲದು. ನಮ್ಮೂರಿನಲ್ಲಿ ರಕ್ತದ ಮಾತು ಬಂದರೆ 1943ರ ಏಪ್ರಿಲ್ 1 ನೆನಪಾಗದೆ ಇರದು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದಿದ್ದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು, ಅವರೊಂದಿಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ, ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ದಿನ ಅದು. 5 ಲೀಟರಿನಲ್ಲಿ 2 ಲೀಟರ್ ಬೇಗನೆ ಸುರಿದುಹೋದರೆ ಉಳಿದದ್ದನ್ನು ಎಲ್ಲ ಅಂಗಗಳಿಗೆ ಮುಟ್ಟಿಸುವಷ್ಟು ಒತ್ತಡವೇ ಇರುವುದಿಲ್ಲ. ಮೈ ತಣ್ಣಗೆ ಬೆವರುತ್ತದೆ, ನಾಡಿ ಸಣ್ಣಗೆ ಓಡುತ್ತದೆ. ಡಾಕ್ಟರುಗಳು ಅದನ್ನೇ ಶಾಕ್ ಎನ್ನುತ್ತಾರೆ. ರಸ್ತೆ ಅಪಘಾತದಲ್ಲಿ ಯಾರಿಗಾದರೂ ರಕ್ತ ಚಿಮ್ಮುತ್ತಿದ್ದರೆ ಅರಿಶಿಣ ಹುಡುಕುತ್ತ ನಿಲ್ಲಬೇಡಿ. ಸ್ವಚ್ಛ ಬಟ್ಟೆ ಮಡಚಿ ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನೋಡಲೆಂದು ಪದೇ ಪದೇ ಎತ್ತಬೇಡಿ.

ಹೆಪ್ಪು ಕೆಟ್ಟದ್ದಾಗುವುದು ಗಾಯವಿಲ್ಲದ ಕಡೆ, ಹರಿಯುವ ನಾಳದೊಳಗೆ ಕಟ್ಟಿದಾಗ. ಯಾಕೆ ಕಟ್ಟುತ್ತದೆ? ಜರ್ಮನಿಯ ರುಡಾಲ್ಫ್ ವಿರ್ಖೋ (1821–1902) ಹೆಸರಿನಲ್ಲಿ ಮೂರು ಕಾರಣಗಳ ಪಟ್ಟಿ ಇದೆ: ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಕಡೆಗೆ ವಾಲುವುದು. ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅಲ್ಲಾಡಿಸಬೇಡ ಎನ್ನುತ್ತಿದ್ದಳು ನಮ್ಮವ್ವ. ರಕ್ತಕ್ಕೂ ಅಷ್ಟೇ, ಅಲ್ಲಾಡದಿದ್ದರೆ ಹೆಪ್ಪಿಗೆ ಅನುಕೂಲ. ಅಕ್ಕನ ವಿಷಯದಲ್ಲಿ ಮೂರೂ ಕೂಡಿದ್ದವು. ಹನ್ನೆರಡು ದಿನದ ಹಾಸಿಗೆ, ಮುರಿತ ಮತ್ತು ಆಪರೇಷನ್ನಿನ ಪೆಟ್ಟು, ಆಪರೇಷನ್ ಆದ ಮೇಲೆ ಕೆಲವು ವಾರ ರಕ್ತಕ್ಕಿರುವ ಹೆಪ್ಪುಗಟ್ಟುವ ಆತುರ.

ಕಾಲಿನ ಹೆಪ್ಪಿನ ಅಪಾಯ ಕಾಲಿನದಲ್ಲ. ಅದರ ತುಂಡೊಂದು ಕಳಚಿದರೆ ದೊಡ್ಡ ನಾಳ ಹಿಡಿದು ಹೃದಯದ ಬಲಭಾಗಕ್ಕೆ ಬರುತ್ತದೆ, ಅಲ್ಲಿಂದ ನೇರ ಶ್ವಾಸಕೋಶಕ್ಕೆ. ಅಲ್ಲಿ ನಾಳಗಳು ಕವಲೊಡೆದು ಸಣ್ಣಗಾಗುತ್ತವೆ, ತುಂಡು ಸಿಕ್ಕಿಕೊಳ್ಳುತ್ತದೆ. ಒಮ್ಮೆಲೇ ಉಸಿರು ಸಿಗದಾಗುವುದು, ಉಸಿರೆಳೆದರೆ ಎದೆಯಲ್ಲಿ ಚಳಕು, ಕೆಲವೊಮ್ಮೆ ಕೆಮ್ಮಿನಲ್ಲಿ ರಕ್ತ. ದೊಡ್ಡ ತುಂಡಾದರೆ ಮಾತಾಡಲೂ ಹೊತ್ತಿರುವುದಿಲ್ಲ. ಹೀಗೆ ತೇಲಿಹೋಗಿ ಸಿಕ್ಕಿಕೊಳ್ಳುವುದಕ್ಕೆ ಎಂಬಾಲಿಸಂ ಎಂದು ಹೆಸರಿಟ್ಟವನೂ ವಿರ್ಖೋನೇ. ಬೆಳ್ಳುಳ್ಳಿ ಎಣ್ಣೆಯನ್ನು ಯಾಕೆ ತಿಕ್ಕಿಸಲಿಲ್ಲವೆಂದು ಈಗ ತಿಳಿಯಿತಲ್ಲ? ನೆರೆಮನೆಯವಳಿಗೂ ಹೇಳಿದೆ. ಎಣ್ಣೆ ವ್ಯರ್ಥವಾಗಲಿಲ್ಲ, ನನ್ನ ಮೊಣಕಾಲಿಗೆ ಉಪಯೋಗವಾಯಿತು.

ಇದು ಹಾಸಿಗೆ ಹಿಡಿದವರ ರೋಗ ಮಾತ್ರವಲ್ಲ. 1940ರಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ರಾತ್ರಿಯೆಲ್ಲ ಆಶ್ರಯಸ್ಥಾನಗಳಲ್ಲಿ ಕ್ಯಾನ್ವಾಸ್ ಕುರ್ಚಿಗಳ ಮೇಲೆ ಕೂತೇ ನಿದ್ದೆ ಮಾಡುತ್ತಿದ್ದರು. ಕೆಲವರು ಬಾಂಬಿಗೆ ಸಿಗದಿದ್ದರೂ ಸತ್ತರು. ಶವಪರೀಕ್ಷೆ ಮಾಡುತ್ತಿದ್ದ ಕೀತ್ ಸಿಂಪ್ಸನ್ ಎಂಬ ವೈದ್ಯ ಕಾರಣ ಕಂಡುಹಿಡಿದ: ಕುರ್ಚಿಯ ಮುಂದಿನ ಪಟ್ಟಿ ತೊಡೆಯನ್ನು ಒತ್ತಿ, ಕಾಲಿನ ರಕ್ತ ನಿಂತು, ಹೆಪ್ಪುಗಟ್ಟಿ, ಶ್ವಾಸಕೋಶಕ್ಕೆ ಹೋಗಿತ್ತು. ಬಸ್ಸಿನಲ್ಲಿ, ವಿಮಾನದಲ್ಲಿ ದೂರ ಹೋಗುವ ಹಿರಿಯರಿಗೆ ನಡುನಡುವೆ ಪಾದ ಮೇಲೆ ಕೆಳಗೆ ಆಡಿಸಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಎನ್ನುವುದು ಇದಕ್ಕೇ.

ಒಂದು ಎಚ್ಚರಿಕೆ. ಹೆಪ್ಪುಗಟ್ಟಿದ ಕಾಲೂ ಒಮ್ಮೊಮ್ಮೆ ಬೆಚ್ಚಗೆ, ಕೆಂಪಗೆ ಇರುತ್ತದೆ. ಮುಳ್ಳಿಲ್ಲ, ಗಾಯವಿಲ್ಲ, ಒಂದೇ ಕಾಲು ಬಾತಿದೆ, ಮೀನಖಂಡ ನೋಯುತ್ತದೆ ಎಂದರೆ ಉರಿ ಇದೆಯೋ ಇಲ್ಲವೋ ಎಂದು ಮನೆಯಲ್ಲಿ ತೀರ್ಮಾನಿಸುತ್ತ ಕೂಡಬಾರದು. ಅದನ್ನು ಸ್ಕ್ಯಾನ್ ಹೇಳಲಿ.

ಅಕ್ಕನಿಗೆ ಕೊಟ್ಟಂಥ ಔಷಧಗಳು ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತವೆ. ಕರಗಿಸುವ ಕೆಲಸ ಮೈಯೇ ನಿಧಾನವಾಗಿ ಮಾಡುತ್ತದೆ. ಇಂಥ ಒಂದು ಮಾತ್ರೆ, ವಾರ್ಫರಿನ್, ಹುಟ್ಟಿದ ಕಥೆ ದನ ಕಟ್ಟಿದವರಿಗೆಲ್ಲ ಹಿಡಿಸುವಂಥದ್ದು. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲಿನಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿದು ಸಾಯತೊಡಗಿದವು. ಬೂಸು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದವೇ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಒಬ್ಬ ರೈತ ಹಿಮ ಬೀಳುತ್ತಿದ್ದಾಗ ಸತ್ತ ಆಕಳು, ಒಂದಷ್ಟು ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಎಲ್ಲ ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಬಾಗಿಲಿಗೆ ಬಂದ. ವರ್ಷಗಟ್ಟಲೆ ದುಡಿದು ಲಿಂಕ್ ಮತ್ತು ಸಂಗಡಿಗರು ಮೇವಿನಲ್ಲಿದ್ದ ಪದಾರ್ಥವನ್ನು ಬೇರ್ಪಡಿಸಿದರು. ಅದರ ಬಳಗದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿ ಅಂಗಡಿಗೆ ಬಂತು, ಆಮೇಲೆ ಮನುಷ್ಯರ ಔಷಧವಾಯಿತು. ಅಳತೆ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಅದಕ್ಕೇ ರಕ್ತ ಪರೀಕ್ಷೆಗೆ ಕರೆದ ದಿನ ತಪ್ಪಿಸಬಾರದು. ಅದನ್ನು ನುಂಗುವವರು ಪಾಲಕ್, ಮೆಂತ್ಯದಂಥ ಸೊಪ್ಪನ್ನು ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಪೂರ್ತಿ ಬಿಡಬಾರದು, ದಿನವೂ ಒಂದೇ ಹದ ಇರಲಿ. ಸೊಪ್ಪಿನ ಕೆ ಜೀವಸತ್ವ ಈ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ.

ಎರಡೂ ಕೂಡುವ ಜಾಗ

ಇಷ್ಟು ಹೊತ್ತು ಉರಿಯೂತ ಬೇರೆ, ಹೆಪ್ಪು ಬೇರೆ ಎಂದು ಹೇಳಿದೆ. ಅವೆರಡೂ ಒಂದೇ ಕಡೆ ಕೂಡುವುದುಂಟು, ಅದು ಹೃದಯದ ಗೋಡೆಗೆ ರಕ್ತ ಒಯ್ಯುವ ನಾಳಗಳಲ್ಲಿ. ಅಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು, ಆ ಕೊಬ್ಬನ್ನು ತಿನ್ನಲು ಮುಳ್ಳಿನ ಗಾಯಕ್ಕೆ ಬಂದ ಹಾಗೆಯೇ ಮ್ಯಾಕ್ರೊಫೇಜ್‌ಗಳು ಬರುತ್ತವೆ. ಆದರೆ ಇಲ್ಲಿ ಮುಳ್ಳು ಹೊರಬೀಳುವುದಿಲ್ಲ. ಉರಿಯೂತ ಮುಗಿಯುವುದೇ ಇಲ್ಲ, ಹೊರಗೆ ಕೆಂಪೂ ಕಾಣದು, ನೋವೂ ಇಲ್ಲ. ಬೀಡಿ, ತಂಬಾಕು, ಸಕ್ಕರೆ ಕಾಯಿಲೆ, ಬಿಪಿ ಅದಕ್ಕೆ ಗಾಳಿ ಹಾಕುತ್ತವೆ. ಒಂದು ದಿನ ಆ ಕೊಬ್ಬಿನ ಗಂಟಿನ ಮೇಲಿನ ತೆಳು ಪೊರೆ ಬಿರಿಯುತ್ತದೆ. ಕಿರುಬಿಲ್ಲೆಗಳಿಗೆ ಅದೊಂದು ಗಾಯ. ಓಡಿ ಬಂದು ಹೆಪ್ಪು ಕಟ್ಟುತ್ತವೆ, ನಾಳ ಮುಚ್ಚುತ್ತದೆ. ಅದೇ ಹಾರ್ಟ್ ಅಟ್ಯಾಕ್. ಮೆದುಳಿನ ನಾಳ ಮುಚ್ಚಿದರೆ ನಾವು ಹೇಳುವ ಲಕ್ವಾ.

ಈ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದಕ್ಕೆ ಗಡಿಯಾರದ ಕಟ್ಟು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆ ಅವರ ಹೆಸರಿನದು. ಅದರಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ದೊಡ್ಡಾಸ್ಪತ್ರೆಯ ಹೃದಯತಜ್ಞರಿಗೆ ಕಳಿಸಿ ಕೇಳಿ, ಬೇಕಾದವರಿಗೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ “ಗ್ಯಾಸ್ ಇರಬೇಕು” ಎಂದು ಸೋಡಾ ಕುಡಿಸಿ ಗಂಟೆಗಟ್ಟಲೆ ಕಳೆಯುವವರನ್ನು ನಾನು ಬಹಳ ಕಂಡಿದ್ದೇನೆ. ಗ್ಯಾಸೋ ಅಲ್ಲವೋ ಎಂದು ಇಸಿಜಿ ಹೇಳುತ್ತದೆ, ಸೋಡಾ ಹೇಳುವುದಿಲ್ಲ.

ಲಕ್ವಾದಲ್ಲಿ ಆ ಇಂಜೆಕ್ಷನ್ನಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು, ಯಾಕೆಂದರೆ ನಾಳ ಮುಚ್ಚಿದ ಲಕ್ವಾಕ್ಕೂ ನಾಳ ಒಡೆದ ಲಕ್ವಾಕ್ಕೂ ಹೊರಗಿನ ಗುರುತು ಒಂದೇ, ಔಷಧ ತದ್ವಿರುದ್ಧ. ಇಲ್ಲಿ ಮಕ್ಕಳು ದೊಡ್ಡವರಿಗಿಂತ ಚುರುಕು. ಅಜ್ಜನಿಗೆ ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೇ? ಎರಡೂ ಕೈ ಮುಂದೆ ಎತ್ತಿ ಹಿಡಿಯಲು ಹೇಳಿ, ಒಂದು ಕೈ ಜಾರುತ್ತದೆಯೇ? ಹೆಸರು ಕೇಳಿ, ಮಾತು ತೊದಲುತ್ತದೆಯೇ? ಒಂದು ಕಂಡರೂ 108. ಆಮೇಲೆ ಗಡಿಯಾರ ನೋಡಿ ಹೊತ್ತನ್ನು ಬರೆಯಿರಿ. ದವಾಖಾನೆಯಲ್ಲಿ ಮೊದಲು ಕೇಳುವುದು ಅದನ್ನೇ, ದೊಡ್ಡವರಿಗೆ ಗಾಬರಿಯಲ್ಲಿ ನೆನಪಿರುವುದಿಲ್ಲ. ಬೆಳಿಗ್ಗೆ ಎದ್ದಾಗಲೇ ಬಾಯಿ ಸೊಟ್ಟ ಕಂಡರೆ ಎದ್ದ ಹೊತ್ತನ್ನಲ್ಲ, ಹಿಂದಿನ ರಾತ್ರಿ ಕೊನೆಯ ಸಲ ಅಜ್ಜ ನೆಟ್ಟಗೆ ಮಾತಾಡಿದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದು, ಆ ಚೀಟಿಯನ್ನು ಗಾಡಿಯಲ್ಲಿ ಜೊತೆಗೆ ಹೋಗುವವರ ಕೈಗೆ ಕೊಡಿ.